ಎರಡನೆಯದನ್ನು ಮೊದಲು ಆಡಿದವರು

ಸ್ಯಾನ್ ಆಂಡ್ರಿಯಾಸ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ವೈಸ್ ಸಿಟಿಗೆ ಬರುವವರು ಸಾಮಾನ್ಯವಾಗಿ ಮೊದಲು ಸಾಯುವುದು ಪೊಲೀಸರ ಗುಂಡಿಗಲ್ಲ, ನೀರಿಗೆ. ಬೆನ್ನ ಹಿಂದೆ ಪೊಲೀಸರ ಜೀಪು, ಎದುರಿಗೆ ಸಮುದ್ರ. ಹಳೆಯ ರೂಢಿಯಂತೆ ಧುಮುಕಿಯೇ ಬಿಡುತ್ತಾರೆ. ಸ್ಯಾನ್ ಆಂಡ್ರಿಯಾಸ್‌ನ ಸಿಜೆಗೆ ಈಜು ಬರುತ್ತಿತ್ತು. ವೈಸ್ ಸಿಟಿಯ ಟಾಮಿಗೆ ಬರುವುದಿಲ್ಲ. ಮುಳುಗಿದ, ಆಸ್ಪತ್ರೆಯ ಬಾಗಿಲಲ್ಲಿ ಎದ್ದ, ಕೂಡಿಟ್ಟಿದ್ದ ಬಂದೂಕೆಲ್ಲ ಹೋಯಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ದೊಡ್ಡಪ್ಪನ ಮಗ ಆಗ ಏನು ಹೇಳುತ್ತಾನೆಂಬುದೂ ಗೊತ್ತಿರುವುದೇ: "ಅದು ಹಳೇ ಪಾರ್ಟು ಮಾರಾಯ, ಮೊದ್ಲು ಅದನ್ನೇ ಆಡ್ಬೇಕಿತ್ತು."

ಆಡಬೇಕಿತ್ತೇ? ಒಂದೇ ಹೆಸರಿನಲ್ಲಿ ಮೂರು, ಆರು, ಹತ್ತು ವಿಡಿಯೊ ಗೇಮ್‌ಗಳು ಬಂದಿರುವಾಗ ಎಲ್ಲಿಂದ ಶುರು ಮಾಡಬೇಕೆಂಬುದು ಆಟಗಾರರ ನಡುವೆ ಮುಗಿಯದ ಜಗಳ. ಬಿಡುಗಡೆಯಾದ ಕ್ರಮದಲ್ಲೇ ಆಡಬೇಕು ಎನ್ನುವವರು ಒಂದು ಕಡೆ. ಕಥೆ ಯಾವ ಕಾಲದಲ್ಲಿ ನಡೆಯುತ್ತದೋ ಆ ಕ್ರಮದಲ್ಲಿ ಆಡಿದರೆ ತಲೆಬುಡ ತಿಳಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಚೆನ್ನಾಗಿರುವುದನ್ನು ಆಡಿ ಉಳಿದದ್ದನ್ನು ಬಿಡಿ ಎನ್ನುವ ಮೂರನೆಯವರೂ ಇದ್ದಾರೆ. ಬಿಜಿಎಂಐ, ಫ್ರೀ ಫೈರ್ ಆಡುವವರಿಗೆ ಈ ತಲೆನೋವಿಲ್ಲ. ಅಲ್ಲಿ ಮುಂದುವರಿಯುವ ಕಥೆಗಿಂತ ಬದಲಾಗುವ ಸೀಸನ್ನೇ ಮುಖ್ಯ.

ಶಿಕಾರಿಪುರ, ಸೊರಬದಂಥ ಊರುಗಳಲ್ಲಿ ಈ ತೀರ್ಮಾನ ಎಷ್ಟೋ ಸಲ ಆಟಗಾರನ ಕೈಯಲ್ಲಿರುವುದೇ ಇಲ್ಲ. ಬೆಂಗಳೂರಿನಲ್ಲಿ ಓದುವ ಅಣ್ಣ ದೀಪಾವಳಿಗೆ ಬರುವಾಗ ಹಾರ್ಡ್ ಡಿಸ್ಕಿನಲ್ಲಿ ಏನು ತಂದನೋ ಅದೇ ಮೊದಲ ಭಾಗ. ಮನೆಯ ಲ್ಯಾಪ್‌ಟಾಪ್ ಯಾವುದನ್ನು ತಡೆಯುತ್ತದೋ ಅದೇ ಎರಡನೆಯದು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಎಪಿಕ್ ಗೇಮ್ಸ್ ಅಂಗಡಿ ಜಿಟಿಎ 5 ಅನ್ನು ಒಂದು ವಾರ ಪುಕ್ಕಟೆ ಹಂಚಿತು. ಆಗ ಜಿಟಿಎ ಲೋಕಕ್ಕೆ ಕಾಲಿಟ್ಟವರಿಗೆ 2013ರ ಆಟವೇ ಆದಿ.

ಜಿಟಿಎ ಸರಣಿಯನ್ನೇ ಹಿಡಿದು ನೋಡಿದರೆ ಎರಡು ಕ್ರಮಗಳ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಮೂರನೆಯ ಜಿಟಿಎ ಬಂದದ್ದು 2001ರಲ್ಲಿ, ಅದರ ಕಥೆಯೂ ಅದೇ ವರ್ಷದ್ದು. 2002ರ ವೈಸ್ ಸಿಟಿ 1986ಕ್ಕೆ ಹಿಂದೆ ಸರಿಯಿತು. 2004ರ ಸ್ಯಾನ್ ಆಂಡ್ರಿಯಾಸ್ 1992ರಲ್ಲಿ ನಡೆಯುತ್ತದೆ. ಅಂದರೆ ಕಾಲಕ್ರಮ ಹಿಡಿದವರು ಮೊದಲು ಬಂದ ಆಟವನ್ನು ಕೊನೆಗೆ ಆಡಬೇಕು. ಆಡಲಿ, ಆದರೆ ಅವರಿಗೆ ತಪ್ಪಿಹೋಗುವುದೇನು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2001ರ ಆಟದ ನಾಯಕ ಬಾಯೇ ಬಿಡುವುದಿಲ್ಲ. ಅವನ ಹೆಸರೂ ಕಥೆಯಲ್ಲಿ ಬರುವುದಿಲ್ಲ. ಬ್ಯಾಂಕ್ ದರೋಡೆಯಲ್ಲಿ ಗೆಳತಿ ಕ್ಯಾಟಲೀನಾ ಅವನಿಗೇ ಗುಂಡು ಹೊಡೆದು ಓಡಿಹೋಗುವಲ್ಲಿ ಆಟ ಆರಂಭ. ಮೂರು ವರ್ಷ ಕಳೆದು ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದೇ ಕ್ಯಾಟಲೀನಾ ಸಿಜೆಯನ್ನು ಬಿಟ್ಟು ಹೊಸ ಗೆಳೆಯನ ಜೊತೆ ನಿಂತಿರುತ್ತಾಳೆ. ಅವನಿಗೆ ಮಾತಿಲ್ಲ, ಹೆಸರು ಕ್ಲಾಡ್. ಹಳೆಯ ಆಟ ಆಡಿದವನು ಅಲ್ಲೇ ನಗುತ್ತಾನೆ. ಈ ಬಡಪಾಯಿಗೆ ಮುಂದೆ ಏನು ಕಾದಿದೆ ಎಂದು ಸಿಜೆಗೆ ಗೊತ್ತಿಲ್ಲ, ಆಟಗಾರನಿಗೆ ಗೊತ್ತು. ಕಾಲಕ್ರಮದವನಿಗೆ ಅವನೊಬ್ಬ ಮೂಗ ದಾರಿಹೋಕ, ಅಷ್ಟೇ.

ಕಥೆಯ ಮಾತು ಹಾಗಾದರೆ, ಕೈಯ ಮಾತು ಇನ್ನೂ ಗಟ್ಟಿ. 2001ರ ಆಟದಲ್ಲಿ ಬೈಕು ಓಡಿಸುವಂತಿರಲಿಲ್ಲ. ವೈಸ್ ಸಿಟಿಯಲ್ಲಿ ಬೈಕು ಬಂತು, ಹೆಲಿಕಾಪ್ಟರ್ ಬಂತು. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಈಜು, ಸೈಕಲ್ಲು, ಊಟ ಹೆಚ್ಚಾದರೆ ಹೊಟ್ಟೆ ಬರುವ ಮೈಯೂ ಬಂತು. ಬಂದ ಕ್ರಮದಲ್ಲಿ ಆಡುವವನಿಗೆ ಪ್ರತಿ ಆಟವೂ ಒಂದೊಂದು ಲಾಭ. ತಿರುಗಾಮುರುಗಾ ಆಡುವವನಿಗೆ ಪ್ರತಿ ಹೆಜ್ಜೆಗೂ ಏನೋ ಕಳೆದುಕೊಂಡ ಹಾಗೆ. ಪುಸ್ತಕಕ್ಕಾಗಲಿ ಸಿನಿಮಾಕ್ಕಾಗಲಿ ಈ ತೊಡಕು ಇಷ್ಟಿಲ್ಲ. 1975ರ 'ಮಯೂರ' ಚಿತ್ರವನ್ನು ಇವತ್ತು ನೋಡುವವರು ಕೂತಲ್ಲೇ ಕೂತು ನೋಡಬಹುದು. ಹಳೆಯ ಆಟವನ್ನು ಹಳೆಯ ಗುಂಡಿಗಳ ಜೊತೆ ಗುದ್ದಾಡಿಯೇ ಮುಗಿಸಬೇಕು.

ಮಯೂರನ ಹೆಸರು ಬಂದದ್ದರಿಂದ ಒಂದು ಅಡ್ಡಮಾತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಕಂಬವೊಂದು ನಿಂತಿದೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದೇ ಆ ಕಂಬದ ಸಂಸ್ಕೃತ ಶಾಸನದಿಂದ. ಆದರೆ ಕವಿ ಕುಬ್ಜ ಅದನ್ನು ರಚಿಸಿದ್ದು ಶಾಂತಿವರ್ಮನ ಕಾಲದಲ್ಲಿ, ಮಯೂರಶರ್ಮನಾಗಿ ಸುಮಾರು ನೂರು ವರ್ಷದ ಮೇಲೆ. ಬನವಾಸಿಯಲ್ಲಿ ಆಳುವ ವಂಶವನ್ನು ಕಣ್ಣಾರೆ ಕಂಡಿದ್ದವರಿಗೆ, ಇದು ಶುರುವಾದದ್ದು ಹೀಗೆ ಎಂದು ಹೇಳಿದ ಕಥೆ ಅದು. ಫಲ ಗೊತ್ತಿದ್ದವರಿಗೇ ಬೀಜದ ಕಥೆ ರುಚಿಸುತ್ತದೆ. ನಾವೋ ಸಾಮಾನ್ಯವಾಗಿ ಮೊದಲು ರಾಜ್‌ಕುಮಾರ್ ಅವರನ್ನು ಕಂಡು, ಆಮೇಲೆ ದೇವುಡು ಅವರ ಕಾದಂಬರಿಯ ಹೆಸರು ಕೇಳಿ, ಕೊನೆಗೆ ಕಂಬದ ಬಳಿ ಬರುತ್ತೇವೆ. ಪೂರ್ತಿ ಉಲ್ಟಾ.

ಇತ್ತೀಚಿನ 'ಕಾಂತಾರ'ದಲ್ಲೂ ಇದೇ ಲೆಕ್ಕ. 2022ರ ಚಿತ್ರಕ್ಕಿಂತ ಎಷ್ಟೋ ಹಿಂದೆ, ಕದಂಬರ ಕಾಲದಲ್ಲಿ ನಡೆಯುವ 'ಚಾಪ್ಟರ್ 1' ತೆರೆಗೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಹೆಸರಿನಲ್ಲಿ ಒಂದು ಇದೆ ಎಂದು ಅದನ್ನೇ ಮೊದಲು ನೋಡುವವರಿಗೆ ಆ ಕಾಡು, ಆ ದೈವ ಮುಂದೆ ಯಾರಿಗೆ ಏನಾಗುತ್ತದೆಂಬ ಅರಿವಿರುವುದಿಲ್ಲ.

ಈ ವಾದಕ್ಕೆ ಸೊರಬದ ಕಡೆಯವರು ಒಂದು ತಕರಾರು ತೆಗೆಯಬಹುದು. ಯಕ್ಷಗಾನ ನೋಡುವವರು ಯಾವ ಕ್ರಮದಲ್ಲಿ ನೋಡುತ್ತಾರೆ? ಇವತ್ತು ಗದಾಯುದ್ಧ, ಮುಂದಿನ ವಾರ ಸುಭದ್ರಾ ಕಲ್ಯಾಣ. ದುರ್ಯೋಧನ ತೊಡೆ ಮುರಿದುಕೊಂಡು ಬಿದ್ದ ಮೇಲೆ ಅಭಿಮನ್ಯುವಿನ ತಾಯಿಗೆ ಮದುವೆ! ಯಾರೂ ತಕರಾರು ಮಾಡಿಲ್ಲ. ನಿಜ, ಆದರೆ ಚೌಕಿಯಿಂದ ವೇಷ ಹೊರಬೀಳುವ ಮೊದಲೇ ನೋಡುವವರಿಗೆ ಇಡೀ ಭಾರತ ಗೊತ್ತಿರುತ್ತದೆ. ಅಜ್ಜಿ ಹೇಳಿದ ಕಥೆ ಅವರ ತಲೆಯಲ್ಲಿ ಸಾಲಾಗಿ ಕೂತಿದೆ. ರಂಗದ ಮೇಲೆ ಯಾವ ತುಣುಕು ಬಂದರೂ ಅದರ ಜಾಗಕ್ಕೆ ಅದು ಹೋಗಿ ಕೂರುತ್ತದೆ. ವಿಡಿಯೊ ಗೇಮಿನ ಕಥೆಯನ್ನು ಯಾವ ಅಜ್ಜಿಯೂ ಹೇಳಿಟ್ಟಿಲ್ಲ. ಹಿಂದಿನ ಭಾಗವೇ ಅಲ್ಲಿ ಅಜ್ಜಿ.

ಇದರ ಪರೀಕ್ಷೆಗೆ ರೆಡ್ ಡೆಡ್ ರಿಡೆಂಪ್ಷನ್‌ಗಿಂತ ಒಳ್ಳೆಯ ಆಟವಿಲ್ಲ, ಅದರಲ್ಲಿ ಬೆಂಗಳೂರಿನ ಕೈವಾಡವೂ ಇದೆ. 2010ರ ಮೊದಲ ಆಟ ನಡೆಯುವುದು 1911ರಲ್ಲಿ. ಜಾನ್ ಮಾರ್ಸ್ಟನ್ ಎಂಬ ಮಾಜಿ ದರೋಡೆಕೋರನ ಹೆಂಡತಿ ಮಗನನ್ನು ಸರ್ಕಾರದವರು ಒತ್ತೆ ಇಟ್ಟುಕೊಂಡು, ಹಳೆಯ ಸಂಗಡಿಗರನ್ನು ಹಿಡಿದುಕೊಡು ಎಂದು ಅಟ್ಟುತ್ತಾರೆ. 2018ರ ಎರಡನೆಯ ಆಟ 1899ಕ್ಕೆ ಹಿಂದಿರುಗಿ, ಆ ಗುಂಪು ಒಟ್ಟಿಗಿದ್ದು ಒಡೆದ ಕಥೆ ಹೇಳುತ್ತದೆ. ನಾಯಕ ಆರ್ಥರ್ ಮಾರ್ಗನ್. ರಾಕ್‌ಸ್ಟಾರ್ ಸಂಸ್ಥೆಯ ಹಲವು ಊರುಗಳ ಸ್ಟುಡಿಯೊಗಳು ಸೇರಿ ಕಟ್ಟಿದ ಆ ಆಟದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದ ದುಡಿಮೆಯೂ ಸೇರಿದೆ.

ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಬಂದವರಿಗೆ ಜಾನ್ ಅಂತ್ಯ ಗೊತ್ತು. ಅದೇನೆಂದು ಇಲ್ಲಿ ಬರೆದರೆ ಆಡದವರು ಶಾಪ ಹಾಕಿಯಾರು. ಆದರೆ ಎರಡನೆಯ ಆಟದಲ್ಲಿ ಪುಟ್ಟ ಮಗನನ್ನು ಆರ್ಥರ್ ಮೀನು ಹಿಡಿಯಲು ಕರೆದೊಯ್ಯುವ ಸಾದಾ ಸನ್ನಿವೇಶವೂ ಅವರಿಗೆ ಗಂಟಲು ಕಟ್ಟಿಸುತ್ತದೆ. ಉಲ್ಟಾ ಆಡಿದವರ ಪಾಡು ಬೇರೆ. ಅರವತ್ತು ಗಂಟೆ ಆರ್ಥರ್ ಜೊತೆ ಕುದುರೆ ಓಡಿಸಿ 2010ರ ಆಟಕ್ಕೆ ಬಂದರೆ ಅಲ್ಲಿ ಅವನ ಹೆಸರನ್ನು ಒಬ್ಬರೂ ಎತ್ತುವುದಿಲ್ಲ. ಜಾನ್ ಮರೆತನೇ? ಇಲ್ಲ, ಆ ಆಟ ಬಂದಾಗ ಆರ್ಥರ್ ಇನ್ನೂ ಹುಟ್ಟಿರಲಿಲ್ಲ.

ಉಲ್ಟಾ ಆಡಿದವರನ್ನು ದೂರುವಂತೆಯೂ ಇಲ್ಲ. ಕಂಪ್ಯೂಟರಿಗೆ ಎರಡನೆಯ ಭಾಗ ಬಂದದ್ದು 2019ರಲ್ಲಿ, ಮೊದಲನೆಯದು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಲ್ಲದವರಿಗೆ ಬಿಡುಗಡೆಯ ಕ್ರಮವೇ ಉಲ್ಟಾ ಆಗಿತ್ತು. ಈಗ ಎರಡೂ ಸಿಗುವುದರಿಂದ ನೆಪವಿಲ್ಲ, ಜೊತೆಗೆ ಲೆಕ್ಕಾಚಾರವೂ ಮೊದಲನೆಯದರ ಪರವೇ ಇದೆ. ಅದಕ್ಕೆ 12 ಜಿಬಿ ಜಾಗ ಸಾಕು, ಎರಡನೆಯದು 150 ಜಿಬಿ ಕೇಳುತ್ತದೆ. ಮನೆಗೆ ಫೈಬರ್ ಬಾರದ ಹಳ್ಳಿಯಲ್ಲಿ, ದಿನಕ್ಕೆ 2 ಜಿಬಿಯ ರೀಚಾರ್ಜ್ ನಂಬಿ ಅದನ್ನು ಇಳಿಸಿಕೊಳ್ಳಲು ಹೊರಟರೆ ಬೇಸಿಗೆ ರಜೆಯೇ ಮುಗಿದೀತು.

ಹಾಗೆಂದು ಬಿಡುಗಡೆಯ ಕ್ರಮವನ್ನು ವ್ರತದಂತೆ ಹಿಡಿಯಬೇಕಿಲ್ಲ. ಫೈನಲ್ ಫ್ಯಾಂಟಸಿಯ ಮುಖ್ಯ ಆಟಗಳಲ್ಲಿ ಅಂಕಿ ಬದಲಾದ ಹಾಗೆ ಸಾಮಾನ್ಯವಾಗಿ ಲೋಕವೇ ಬದಲಾಗುತ್ತದೆ, ಏಳನೆಯದನ್ನು ಆಡಲು ಆರನೆಯದು ಬೇಕಿಲ್ಲ. ಜಪಾನಿನ ಯಾಕುಜಾ ಸರಣಿ ಆರಂಭವಾದದ್ದು 2005ರಲ್ಲಿ. ಹತ್ತು ವರ್ಷದ ಮೇಲೆ ಬಂದ ಯಾಕುಜಾ ಜೀರೊ 1988ರ ಡಿಸೆಂಬರಿಗೆ ಹಿಂದಿರುಗಿತು. ಅದನ್ನೇ ಮೊದಲು ಆಡಿ ಎಂದು ಹಳಬರೂ ಹೇಳುತ್ತಾರೆ, ಅದು ಸರಿಯಾದ ಮಾತೇ. ಮೊದಲ ಆಟವನ್ನು 2016ರಲ್ಲಿ ಹೊಸದಾಗಿ ಕಟ್ಟಿದಾಗ ಜೀರೊದ ಕಥೆಗೆ ಹೊಂದಿಸಿಯೇ ಕಟ್ಟಿದರು. ಹಾಗಾಗಿ ಎರಡನ್ನೂ ಸಾಲಾಗಿ ಆಡಿದರೆ ಬೆಸುಗೆ ಕಾಣುವುದಿಲ್ಲ.

ಗಾಡ್ ಆಫ್ ವಾರ್ ಇನ್ನೂ ಕುತೂಹಲದ್ದು. 2005ರಿಂದ ಗ್ರೀಕ್ ದೇವತೆಗಳನ್ನು ಸಾಲಾಗಿ ಕೊಂದ ಕ್ರೇಟೋಸ್, 2018ರ ಆಟದಲ್ಲಿ ಉತ್ತರದ ಹಿಮಕಾಡಿನಲ್ಲಿ ಗಡ್ಡ ಬಿಟ್ಟ ಅಪ್ಪನಾಗಿದ್ದಾನೆ. ಮುಂಗೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದಾನೆ. ಹಳೆಯ ಆಟಗಳನ್ನು ಆಡಿದವರಿಗೆ ಆ ಬಟ್ಟೆಯಡಿ ಸರಪಳಿ ಸುಟ್ಟ ಗಾಯವಿದೆಯೆಂದು ಗೊತ್ತು. ಹೊಸಬರಿಗೆ ಗೊತ್ತಿಲ್ಲ, ಆದರೆ ಮಗ ಅಟ್ರಿಯಸ್‌ಗೂ ಗೊತ್ತಿಲ್ಲ. ಅಪ್ಪ ಯಾರೆಂದು ಮಗ ತಿಳಿಯುತ್ತಾ ಹೋಗುವುದೇ ಕಥೆಯಾದ್ದರಿಂದ, ಏನೂ ಗೊತ್ತಿಲ್ಲದೆ ಬಂದವರು ಮಗನ ಪಕ್ಕದಲ್ಲಿ ನಿಲ್ಲುತ್ತಾರೆ. 2022ರಲ್ಲಿ ಇದು ಕಂಪ್ಯೂಟರಿಗೆ ಬಂದಾಗ ಹಳೆಯ ಗ್ರೀಕ್ ಆಟಗಳು ಅಲ್ಲಿ ಸಿಗುತ್ತಿರಲಿಲ್ಲ. ಆದರೂ ಹೊಸಬರಿಗೆ ಮೋಸವಾಗಲಿಲ್ಲ, ಕಟ್ಟಿದವರ ಜಾಣ್ಮೆಯಿಂದ.

ಕೆಲವು ಸರಣಿಗಳಲ್ಲಿ ಕಾಲಕ್ರಮ ಎಂಬುದೇ ಆಮೇಲೆ ಹೊಲಿದದ್ದು. ನಿಂಟೆಂಡೊದ ಜೆಲ್ಡಾ ಆಟಗಳು 1986ರಿಂದ ಬರುತ್ತಿದ್ದವು. ಅವೆಲ್ಲವನ್ನೂ ಒಂದು ವಂಶವೃಕ್ಷಕ್ಕೆ ಸೇರಿಸಿ, ನಡುವೆ ಮೂರು ಕವಲಾಗಿ ಒಡೆಸಿ, 'ಹೈರೂಲ್ ಹಿಸ್ಟೋರಿಯಾ' ಎಂಬ ಪುಸ್ತಕದಲ್ಲಿ ಅಚ್ಚು ಹಾಕಿದ್ದು 2011ರಲ್ಲಿ. ಶಿಕಾರಿಪುರದವರಿಗೆ ಇದು ಹೊಸದೇನಲ್ಲ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲಿ ನುಡಿದ ವಚನಗಳು ಬಿಡಿಬಿಡಿಯಾಗಿದ್ದವು. ಅವನ್ನು ಸಂವಾದವಾಗಿ ಜೋಡಿಸಿ ಕಥೆಯ ಕ್ರಮ ಕೊಟ್ಟದ್ದು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನ ಶೂನ್ಯಸಂಪಾದನೆ. ಆಮೇಲೆ ಮೂವರು ಅದನ್ನೇ ಮತ್ತೆ ತಮ್ಮ ತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ವಚನ ಓದಲು ಆ ಕ್ರಮವೇ ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಜೆಲ್ಡಾ ಆಡುವವರೂ ಕೈಗೆ ಸಿಕ್ಕಿದ್ದರಿಂದ ಶುರು ಮಾಡಬಹುದು.

ಅಂಗಡಿಯಲ್ಲಿ ಈಗ ಗೊಂದಲ ಎಬ್ಬಿಸುತ್ತಿರುವುದು ಹಳೆಯ ಆಟಗಳ ಹೊಸ ಅವತಾರಗಳು. ಹಿಡಿಯೊ ಕೊಜಿಮಾ ಅವರ ಮೆಟಲ್ ಗಿಯರ್ ಸಾಲಿಡ್ ಸರಣಿಯ ಮೂರನೆಯ ಆಟ 2004ರದ್ದು, ಕಥೆ ನಡೆಯುವುದು 1964ರಲ್ಲಿ. ಅದನ್ನು ಪೂರ್ತಿ ಹೊಸ ಗ್ರಾಫಿಕ್ಸ್‌ನಲ್ಲಿ ಮತ್ತೆ ಕಟ್ಟಿ 2025ರ ಆಗಸ್ಟ್‌ನಲ್ಲಿ ಮಾರಾಟಕ್ಕಿಟ್ಟರು. ಬಂದ ಕ್ರಮದಲ್ಲಿ ಮೂರನೆಯದು, ಕಥೆಯಲ್ಲಿ ಎಲ್ಲಕ್ಕೂ ಮೊದಲನೆಯದು, ಅಂಗಡಿಯಲ್ಲಿ ಎಲ್ಲಕ್ಕಿಂತ ಹೊಸದು! ಹೊಳಪಿಗೆ ಮರುಳಾಗಿ ಅದರಿಂದಲೇ ಶುರು ಮಾಡಿದರೆ ಆಟವೇನೋ ಅರ್ಥವಾಗುತ್ತದೆ; ಆದರೆ ಅಲ್ಲಿನ ಯುವಕ ಮುಂದೆ ಯಾರಾಗುತ್ತಾನೆಂದು ಗೊತ್ತಿದ್ದವರಿಗೆ ಕೊನೆಯ ಸೆಲ್ಯೂಟ್ ಹೊಡೆಯುವ ಪೆಟ್ಟು ಸಿಗುವುದಿಲ್ಲ. ಆ ಪೆಟ್ಟು ಬೇಕಾದವರು 1998ರ ಮೊದಲ ಸಾಲಿಡ್‌ನಿಂದ ಬರಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ 'ಮಾಸ್ಟರ್ ಕಲೆಕ್ಷನ್'ನ ಮೊದಲ ಸಂಪುಟದಲ್ಲಿ ಮೂರೂ ಸಾಲಿಡ್‌ಗಳು, ಅದಕ್ಕೂ ಹಿಂದಿನ ಎರಡು ಮೆಟಲ್ ಗಿಯರ್‌ಗಳು ಒಟ್ಟಿಗೇ ಇವೆ, ಕಂಪ್ಯೂಟರಿಗೂ ಸಿಗುತ್ತವೆ.