ಕಿವಿ ಸರಿಯಿದ್ದರೂ ಕೇಳದ ಪಾಠ

“ಕಿವಿ ಕೇಳಿಸೋದಿಲ್ವೇನೋ?” ತರಗತಿಯಲ್ಲಿ ಈ ಬೈಗುಳ ತಿನ್ನದ ಮಕ್ಕಳು ಕಡಿಮೆ. ಕಿವಿಗೆ ಮೇಷ್ಟರ ಮಾತೂ ಬೀಳುತ್ತದೆ, ಪಕ್ಕದವನ ಪಿಸುಮಾತೂ ಬೀಳುತ್ತದೆ. ಬೇಕಾದ್ದನ್ನು ಆರಿಸಿಕೊಳ್ಳುವುದು ಮಿದುಳು.

1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರಿ ಎರಡೂ ಕಿವಿಗಳಿಗೆ ಏಕಕಾಲದಲ್ಲಿ ಬೇರೆಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಗಮನಿಸಿ ಪುನರುಚ್ಚರಿಸುವಂತೆ ಹೇಳಿದರು. ಇನ್ನೊಂದು ಕಿವಿಯಲ್ಲಿ ಗಂಡುದನಿ ಹೋಗಿ ಹೆಣ್ಣುದನಿ ಬಂದದ್ದು ಕೇಳುಗರಿಗೆ ತಿಳಿಯಿತು. ಆ ಮಾತು ಏನೆಂಬುದು ತಿಳಿಯಲಿಲ್ಲ.

ಹೀಗೆ ಎರಡು ಕಿವಿಗಳ ಮಾತನ್ನು ಬೇರ್ಪಡಿಸುವ ಸಾಮರ್ಥ್ಯ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಅಮೆರಿಕದ ಓಹಿಯೊ ರಾಜ್ಯದ ಟ್ವಿನ್ಸ್‌ಬರ್ಗ್‌ನಲ್ಲಿ ವರ್ಷವೂ ಅವಳಿಗಳ ಜಾತ್ರೆ ನೆರೆಯುತ್ತದೆ. ಅಲ್ಲಿಗೆ ಬಂದ ಅವಳಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರ ನಡುವಿನ ಈ ವ್ಯತ್ಯಾಸದಲ್ಲಿ ಶೇ. 73ರವರೆಗೂ ವಂಶವಾಹಿಗಳ ಪಾಲಿದೆ. ಒಬ್ಬ ಹುಡುಗನ ಸಾಮರ್ಥ್ಯದಲ್ಲಿ ಇಷ್ಟು ಪಾಲು ಅಪ್ಪ ಅಮ್ಮನದು ಎಂದು ಮಾತ್ರ ಲೆಕ್ಕ ಹಾಕಬಾರದು.

ರಸಾಯನಗಳ ಆಟ ಬೇರೆ. ಮಿದುಳಿನ ಕಾಂಡದ ಪುಟ್ಟ ಭಾಗವೊಂದರಿಂದ ಹರಡುವ ನಾರ್‌ಅಡ್ರಿನಲಿನ್ ತೀರಾ ಕಡಿಮೆಯಾದರೆ ತೂಕಡಿಕೆ. ಹದವಾಗಿದ್ದರೆ ಗಮನ ನಿಲ್ಲುತ್ತದೆ. ಅತಿಯಾದರೆ ಸಣ್ಣ ಸದ್ದಿಗೂ ಮನಸ್ಸು ಚೆದುರುತ್ತದೆ. ಹೆದರಿಕೆಯಲ್ಲಿ ಅದು ಏರುತ್ತದೆ. ಗದರಿಸಿದ ಮೇಲೆ ಹುಡುಗ ಇನ್ನಷ್ಟು ತಪ್ಪು ಹೇಳಿದರೆ ಆಶ್ಚರ್ಯವೇನು?

ಶ್ರವಣ ಪರೀಕ್ಷೆಯಲ್ಲಿ ಕಿವಿ ಸರಿಯಿದ್ದರೂ ಗದ್ದಲದ ನಡುವೆ ಮಾತು ಹಿಡಿಯಲಾಗದ ಮಕ್ಕಳಿದ್ದಾರೆ. ಕಿಟಕಿಯಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಅವರಿಗೆ ಅನುಕೂಲ. ಇಂಥ ತೊಂದರೆಯನ್ನು ಗುರುತಿಸುವ ಪರೀಕ್ಷೆಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿವೆ.