ಅಜ್ಜಿಯ ಕಥೆ ತುಂಬಾ ಪೌಂಡ್ ಚಿಹ್ನೆ!

ಕಳೆದ ದೀಪಾವಳಿ ರಜೆಯಲ್ಲಿ ನಡೆದ ಸಂಗತಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೊಡಲು ಮೂರೇ ದಿನ ಉಳಿದಿತ್ತು. ‘ನನ್ನ ಹತ್ರ ರೆಡಿ ಇದೆ ಬಿಡ್ರೇ’ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡು ಊರಿಗೆ ಬಂದಿದ್ದೆ. ಬೀರುವಿನಲ್ಲಿ, ಬಳೆ ಡಬ್ಬಿಯೊಳಗೆ ಇಟ್ಟಿದ್ದ ಹಳೆಯ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ‘ಅಜ್ಜಿ ಕಥೆ’ ಎಂಬ ಫೈಲ್ ತೆರೆಯಿತು. ನೋಡಿದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಸಾಲಿಗೆ ನಾಲ್ಕೈದರಂತೆ ಪೌಂಡ್ ಚಿಹ್ನೆಗಳು. ಇಪ್ಪತ್ತೆರಡು ಪುಟವೂ ಹಾಗೇ.

ಬೇರೆ ಯಾವ ಫೈಲ್ ಆಗಿದ್ದರೂ ಇಷ್ಟು ಹೆದರುತ್ತಿರಲಿಲ್ಲ. ಆದರೆ ಅದರಲ್ಲಿದ್ದಿದ್ದು ನನ್ನಜ್ಜಿ ಹೇಳಿದ ಮಾತುಗಳು. ಅಜ್ಜಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಅಜ್ಜಿಯದು ಶರಾವತಿ ದಂಡೆಯ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮುಳುಗಿಹೋದ ಊರುಗಳಲ್ಲಿ ಅದೂ ಒಂದು. ಗಾಡಿಯಲ್ಲಿ ಪಾತ್ರೆ-ಪಗಡ, ಕಂಕುಳಲ್ಲಿ ಮಗು ಕಟ್ಟಿಕೊಂಡು ಇತ್ತ ಬಂದವರು. ‘ಮುಳುಗಡೆಯವರು’ ಎಂಬ ಹೆಸರು ನಮ್ಮ ಕಡೆ ಈಗಲೂ ಇದೆ. ಪಿಯುಸಿ ರಜೆಯಲ್ಲಿ ನಾನು ಅಜ್ಜಿಯನ್ನು ಕೂರಿಸಿಕೊಂಡು ಆ ಊರಿನ ಕಥೆ ಕೇಳಿ ನೋಟ್ಸ್ ಮಾಡಿಕೊಳ್ಳುತ್ತಿದ್ದೆ. ‘ಎಂತಕ್ಕೆ ಬರಿತಿ ಕೂಸೇ, ಮುಳುಗಿದ್ದು ಮುಳುಗಿ ಹೋತು’ ಎನ್ನುತ್ತಲೇ ಮತ್ತೆ ಶುರು ಮಾಡುತ್ತಿದ್ದರು. ಮರುದಿನ ಪೇಟೆಯ ಡಿಟಿಪಿ ಅಂಗಡಿಗೆ ಹೋಗಿ ಅದನ್ನು ಟೈಪ್ ಮಾಡುತ್ತಿದ್ದೆ. ಅಂಗಡಿಯ ಅಣ್ಣ ದುಡ್ಡು ಕೇಳುತ್ತಿರಲಿಲ್ಲ. ಬದಲಿಗೆ ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆಗಳನ್ನು ಟೈಪ್ ಮಾಡಿಕೊಡಬೇಕಿತ್ತು. ಕೀಲಿಮಣೆಯಲ್ಲಿ ಕನ್ನಡ ಕಲಿತದ್ದು ಹಾಗೆ.

ಗಾಬರಿಯಲ್ಲಿ ಅದೇ ಅಣ್ಣನಿಗೆ ಫೋನ್ ಮಾಡಿದೆ. ನನ್ನ ಅಳು ದನಿ ಕೇಳಿ ಆತ ನಕ್ಕುಬಿಟ್ಟ. ‘ಏನೂ ಹೋಗಿಲ್ಲ ಮಾರಾಯ್ತಿ. ಅಕ್ಷರದ ಅಂಗಿ ಮಾತ್ರ ಹೋಗಿದೆ. ಪೆನ್‌ಡ್ರೈವ್ ತಗೊಂಡು ಬಾ’ ಎಂದ.

ಅಂಗಿ ಕಥೆ

ಅಂಗಡಿಯಲ್ಲಿ ಆತ ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಹಿಂದಿನ ಫಾಂಟ್‌ಗಳಲ್ಲಿ ಇದ್ದದ್ದು ಒಟ್ಟು 256 ಮನೆ. ಅವು ಇಂಗ್ಲಿಷಿಗೆ, ಯುರೋಪಿನ ಭಾಷೆಗಳಿಗೆ ಕಟ್ಟಿದ ಮನೆಗಳು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅಕ್ಷರವನ್ನು ಚೂರು ಮಾಡಿ, ತಲೆಕಟ್ಟು ಒಂದು ಮನೆಗೆ, ಒತ್ತು ಇನ್ನೊಂದು ಮನೆಗೆ ಎಂದು ಹಂಚಿದರು. 163ನೇ ಮನೆಯಲ್ಲಿ ಇರಬೇಕಾದದ್ದು ಪೌಂಡ್ ಚಿಹ್ನೆ. ಅಲ್ಲಿ ನಮ್ಮ ‘ನ’ ಬಂದು ಬಾಡಿಗೆಗೆ ಕೂತಿತು. ಆ ಫಾಂಟ್ ಕಂಪ್ಯೂಟರಿನಲ್ಲಿ ಇರುವವರೆಗೆ ‘ನ’ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಯಜಮಾನ ಹೊರಬರುತ್ತಾನೆ. ‘ನಾನು’, ‘ನನ್ನ’, ‘ನೀನು’ ಎಂದು ತುಂಬಿದ್ದ ಅಜ್ಜಿಯ ಮಾತಿನಲ್ಲಿ ಅಷ್ಟೊಂದು ಪೌಂಡ್ ಯಾಕಿತ್ತು ಎಂದು ಆಗ ತಿಳಿಯಿತು.

ಯೂನಿಕೋಡ್‌ನಲ್ಲಿ ಈ ಬಾಡಿಗೆ ಗೋಳಿಲ್ಲ. ಕನ್ನಡಕ್ಕೆಂದೇ 128 ಮನೆಗಳ ಸ್ವಂತ ಬೀದಿ ಇದೆ. ‘ಕ್ಷ’ ಎಂದರೆ ಕ, ವಿರಾಮ, ಷ ಎಂಬ ಮೂರು ಸಂಖ್ಯೆಗಳು ಸಾಲಾಗಿ ಉಳಿಯುತ್ತವೆ. ಅದನ್ನು ಚೆಂದವಾಗಿ ಬರೆದು ತೋರಿಸುವುದಷ್ಟೇ ಫಾಂಟಿನ ಕೆಲಸ. ಹಾಗಾಗಿ ಫಾಂಟ್ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಮೊಬೈಲಿನಲ್ಲಿ ನಾವು ಕಳಿಸುವ ಕನ್ನಡ ಮೆಸೇಜ್ ಎಲ್ಲರಿಗೂ ಓದಲು ಬರುವುದು ಇದರಿಂದಲೇ.

ಅಣ್ಣ ಹಳೆಯ ಫಾಂಟ್ ಹಾಕಿ ಫೈಲ್ ತೆರೆದ. ಅಜ್ಜಿ ಎದ್ದು ಬಂದಂತಾಯಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಮೂರು ಪುಟ ಓದಿದೆ.

ಆದರೆ ನಗು ಬರುವ ತಪ್ಪುಗಳೂ ಇದ್ದವು. ಎಷ್ಟೋ ಕಡೆ ‘ಜನರು’ ಎನ್ನುವುದು ‘ಆನರು’ ಆಗಿತ್ತು. ಟೈಪ್ ಮಾಡುವಾಗ ನನ್ನದೇ ಬೆರಳು ಜಾರಿದೆ ಎಂದುಕೊಂಡಿದ್ದೆ. ಅಸಲು ಕಾರಣ ಬೇರೆ. ಆ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ ‘ಡಿ’ ಮನೆಯಲ್ಲಿ ‘ಜ’ ಇದೆ, ದೊಡ್ಡ ‘ಡಿ’ ಮನೆಯಲ್ಲಿ ‘ಆ’ ಇದೆ. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕು ಎಂಬುದು ಇಂಗ್ಲಿಷಿನ ನಿಯಮ. ವರ್ಡ್ ಪ್ರೊಸೆಸರ್ ಉಪಕಾರ ಮಾಡಲು ಹೋಗಿ ಸಣ್ಣ ‘ಡಿ’ಯನ್ನು ದೊಡ್ಡದು ಮಾಡಿತ್ತು. ವಾಕ್ಯದ ಮೊದಲಲ್ಲಿದ್ದ ಜನರೆಲ್ಲ ಆನರಾಗಿದ್ದರು! ಸ್ವಯಂ ತಿದ್ದುಪಡಿಯ ಆಯ್ಕೆಯಲ್ಲಿ ಒಂದು ಟಿಕ್ ಮಾರ್ಕ್ ತೆಗೆದಿದ್ದರೆ ಸಾಕಿತ್ತು.

ಯೂನಿಕೋಡ್‌ಗೆ ಪರಿವರ್ತಿಸಿದಾಗ ಮತ್ತೊಂದು ತಮಾಷೆ. ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿಯಿತು. ‘ಸಿಎ ಓದುವ ಮೊಮ್ಮಗ’ ಎಂಬಲ್ಲಿ ನಾನು ‘ಸಿಎ’ಯನ್ನು ಇಂಗ್ಲಿಷಿನಲ್ಲಿ ಹೊಡೆದಿದ್ದೆ. ಅದು ‘ಅಂ ಓದುವ ಮೊಮ್ಮಗ’ ಆಗಿ ಬಂತು. ಪರಿವರ್ತನೆ ಆದ ಮೇಲೆ ಒಮ್ಮೆ ಪೂರ್ತಿ ಓದದೆ ಎಲ್ಲಿಗೂ ಕಳಿಸಬಾರದು ಎಂದು ಅವತ್ತೇ ಕಿವಿ ಹಿಂಡಿಕೊಂಡೆ.

ಸಿಗದೇ ಹೋದ ಎರಡು ಪುಟ

ಎಲ್ಲ ಸಿಕ್ಕಿತು ಎಂದುಕೊಂಡು ಕೊನೆಯವರೆಗೂ ಓದಿದಾಗ ಎದೆ ಧಸಕ್ ಎಂದಿತು. ಗದ್ದೆಗಳ ಹೆಸರಿನ ಭಾಗ ಅಲ್ಲಿರಲಿಲ್ಲ.

ಮುಳುಗಿದ ಊರಿನಲ್ಲಿ ಅಜ್ಜಿಯ ಮನೆಗೆ ಹನ್ನೊಂದು ಗದ್ದೆಗಳಿದ್ದವಂತೆ. ಒಂದೊಂದಕ್ಕೂ ಒಂದು ಹೆಸರು, ಹೆಸರಿಗೊಂದು ಕಾರಣ. ಅಜ್ಜಿ ಒಂದು ಸಂಜೆ ಪೂರ್ತಿ ಬೆರಳು ಮಡಚುತ್ತಾ ಹೇಳಿದ್ದರು. ಅವತ್ತು ನಾನು ನೋಟ್ಸ್ ಮಾಡಿರಲಿಲ್ಲ. ‘ನೆನಪಿರತ್ತೆ, ನಾಳೆ ಸೀದಾ ಟೈಪ್ ಮಾಡ್ತೀನಿ’ ಎಂಬ ಧಿಮಾಕು. ಮರುದಿನ ಟೈಪ್ ಮಾಡಿದ್ದೂ ನಿಜ, ಸುಮಾರು ಎರಡು ಪುಟ. ಮಳೆಗಾಲ, ನಮ್ಮ ಮಲೆನಾಡು. ಕರೆಂಟ್ ಹೋಯಿತು. ಅಂಗಡಿಯ ಯುಪಿಎಸ್ ಕೆಟ್ಟು ಎಷ್ಟೋ ದಿನವಾಗಿತ್ತು. ಸೇವ್ ಮಾಡಿರಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಕರೆಂಟ್ ಮೇಲೆ, ಕಂಪ್ಯೂಟರ್ ಮೇಲೆ ತಪ್ಪು ಹೊರಿಸುತ್ತಿದ್ದೆ. ಒಂದು ವಿಷಯ ಮಾತ್ರ ಬಿಟ್ಟು ಹೇಳುತ್ತಿದ್ದೆ. ಅವತ್ತು ಟೈಪಿಂಗ್ ಮುಗಿದು ಅರ್ಧ ಗಂಟೆ ಆಗಿತ್ತು. ಆ ಅರ್ಧ ಗಂಟೆ ನಾನು ಮಾಡುತ್ತಿದ್ದ ಕೆಲಸ ಶೀರ್ಷಿಕೆಗೆ ಚೆಂದದ ಫಾಂಟ್ ಹುಡುಕುವುದು. ಹಸಿರೋ ನೀಲಿಯೋ, ನೆರಳು ಬೇಕೋ ಬೇಡವೋ! ಸೇವ್ ಮಾಡಲು ಎರಡು ಸೆಕೆಂಡ್ ಸಾಕಿತ್ತು.

ಮನೆಗೆ ಬಂದು ಹೇಳಿದಾಗ ಅಜ್ಜಿ, ‘ಅಯ್ಯ, ಇನ್ನೊಂದು ಸಲ ಹೇಳ್ತೆ ಬಿಡು’ ಎಂದಿದ್ದರು. ‘ನಾಳೆ ಕೂರೋಣ ಅಜ್ಜಿ’ ಎಂದೆ. ಆ ನಾಳೆ ಬರಲೇ ಇಲ್ಲ. ರಜೆ ಮುಗಿಯಿತು, ಹಾಸ್ಟೆಲ್ ಸೇರಿದೆ, ಪರೀಕ್ಷೆ ಬಂತು. ಆಮೇಲೆ ಅಜ್ಜಿಯೇ ಇಲ್ಲ.

ನಮ್ಮ ರೂಮಿನ ಸಾಹಿತಿಗಳು

ಹಾಸ್ಟೆಲ್‌ಗೆ ವಾಪಸಾಗಿ ಇದನ್ನು ಹೇಳಿದಾಗ ರೂಮಿನಲ್ಲಿ ಒಬ್ಬೊಬ್ಬಳದೂ ಒಂದೊಂದು ಪುರಾಣ ಹೊರಬಿತ್ತು. ನಮ್ಮ ರೂಮಿನಲ್ಲಿ ನಾಲ್ವರೂ ಅಷ್ಟಿಷ್ಟು ಬರೆಯುವವರೇ.

ಒಬ್ಬಳು ಮೊಬೈಲಿಗೆ ಮಾತಾಡಿ ಬರೆಸುತ್ತಾಳೆ. ವೇಗವೇನೋ ಇದೆ. ಆದರೆ ಪೂರ್ಣವಿರಾಮ ಹಾಕುವುದರೊಳಗೆ ಒಂದು ಪುಟವೇ ಒಂದು ವಾಕ್ಯವಾಗಿರುತ್ತದೆ. ಅವಳ ಕವಿತೆಯ ನಡುವೆ ‘ಏಯ್ ಫ್ಯಾನ್ ಹಾಕೇ’ ಎಂಬ ಸಾಲು ಸೇರಿಕೊಂಡದ್ದೂ ಉಂಟು. ಇನ್ನೊಬ್ಬಳ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಮೂರು ಫೈಲ್‌ಗಳಿವೆ. ಕಥಾಸ್ಪರ್ಧೆಗೆ ಹೋದದ್ದು ಮೊದಲನೆಯದು. ಮೂರನೆಯವಳು ‘ರಾಜ್‌ಕುಮಾರ್’ ಎಂದು ಹೊಡೆದರೆ ‘ರಾಜ್ಕುಮಾರ್’ ಆಗುತ್ತದೆ ಎಂದು ಸಿಟ್ಟಾಗಿ ಕೀಲಿಮಣೆಯನ್ನೇ ಬಿಟ್ಟವಳು. ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಿದರೆ ಒತ್ತು ಬೀಳುವುದಿಲ್ಲ, ‘ರ‍್ಯಾಂಕ್’ ಬರೆಯಲೂ ಅಂಥದ್ದೇ ಇನ್ನೊಂದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಈಗಲೂ ಉದ್ದ ಪುಸ್ತಕದಲ್ಲಿ ಪೆನ್ನಿನಲ್ಲೇ ಬರೆಯುತ್ತಾಳೆ. ಮಜಾ ಏನೆಂದರೆ, ನಾಲ್ವರಲ್ಲಿ ಒಂದಕ್ಷರವನ್ನೂ ಕಳೆದುಕೊಳ್ಳದವಳು, ಅತಿ ಹೆಚ್ಚು ಬರೆದಿರುವವಳು ಅವಳೇ.

ನಾನೋ? ಸಾಫ್ಟ್‌ವೇರ್ ಬದಲಿಸುವವಳು. ಬರೆಯಲು ಬೇಜಾರಾದಾಗಲೆಲ್ಲ ‘ಈ ಆ್ಯಪ್ ಸರಿಯಿಲ್ಲ’ ಎಂದು ಹೊಸದೊಂದನ್ನು ಇಳಿಸಿಕೊಳ್ಳುತ್ತಿದ್ದೆ. ತೊಂದರೆಗಳು ನಿಜವೇ. ಆದರೆ ಬರೆಯದೇ ಇರಲು ಅವುಗಳಷ್ಟು ಒಳ್ಳೆಯ ನೆಪ ಬೇರೆ ಇರಲಿಲ್ಲ.

ಈಗ ಮಾಡುವುದು

ಮೊದಲ ಕರಡು ನೋಟ್‌ಬುಕ್ಕಿನಲ್ಲಿ. ಟೈಪಿಂಗ್ ಏನಿದ್ದರೂ ಯೂನಿಕೋಡ್‌ನಲ್ಲಿ. ಪ್ರತಿ ಪ್ಯಾರಾ ಮುಗಿದಾಗ ಬೆರಳು ತಾನಾಗಿಯೇ ಕಂಟ್ರೋಲ್-ಎಸ್ ಒತ್ತುತ್ತದೆ. ತಾನಾಗಿ ಉಳಿಸಿಕೊಳ್ಳುವ ಸೌಲಭ್ಯ ಇದ್ದರೂ ಕೆಲವು ಕಡೆ ಅದು 10 ನಿಮಿಷಕ್ಕೊಮ್ಮೆ ಮಾತ್ರ. ಕರೆಂಟ್ ಅಷ್ಟು ಹೊತ್ತು ಕಾಯುವುದಿಲ್ಲ. ಮಲಗುವ ಮುಂಚೆ ಫೈಲನ್ನು ನನಗೇ ಮೇಲ್ ಮಾಡಿಕೊಳ್ಳುತ್ತೇನೆ. ಫೈಲ್ ಹೆಸರಿನಲ್ಲಿ ‘ಫೈನಲ್’ ಇಲ್ಲ, ತಾರೀಕು ಮಾತ್ರ. ಫಾಂಟ್, ಬಣ್ಣ ಎಲ್ಲ ಬರೆದು ಮುಗಿದ ಮೇಲೆ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ‘ನುಡಿ ಟೈಪಿಂಗ್ ಬರುತ್ತಾ?’ ಎಂದು ಕೇಳುವ ಕಚೇರಿ, ಅಂಗಡಿಗಳು ಈಗಲೂ ಇವೆ. ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಕೀಲಿ ಸಾಕು. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ದಿನಕ್ಕೆ ಅರ್ಧ ಗಂಟೆ ಕೂತರೆ ಬೆರಳು ತಾನಾಗಿ ಪಳಗುತ್ತದೆ. ನಾನು ಎಂ.ಎ. ಓದುತ್ತಲೇ ಟೈಪಿಂಗ್ ಕೆಲಸ ಹಿಡಿದು ಕೈಖರ್ಚಿಗೆ ದುಡಿಯುತ್ತಿದ್ದೇನೆ ಎಂದರೆ ಅದು ಮದುವೆ ಕಾಗದಗಳ ಪುಣ್ಯ.

ಅಂದ ಹಾಗೆ, ವಾರ್ಷಿಕ ಸಂಚಿಕೆಗೆ ಲೇಖನ ಕೊಟ್ಟೆ. ಆದರೆ ಗದ್ದೆಗಳ ಹೆಸರು ನನಗೆ ನೆನಪಿದ್ದದ್ದು ನಾಲ್ಕೇ. ಹಾಗಾಗಿ ಸಂಕ್ರಾಂತಿ ಮುಗಿದ ವಾರ ಹೊಸನಗರದ ಕಡೆ ಇರುವ ಚಿಕ್ಕಜ್ಜಿಯ ಮನೆಗೆ ಹೋಗಿದ್ದೆ. ಅಜ್ಜಿಯ ತಂಗಿ. ಊರು ಬಿಡುವಾಗ ಹುಡುಗಿ. ‘ಅಕ್ಕನಿಗೆ ಗೊತ್ತಿದ್ದಷ್ಟು ನನಗೆಲ್ಲಿ’ ಎನ್ನುತ್ತಲೇ ಬೆರಳು ಮಡಚಲು ಶುರು ಮಾಡಿದರು. ಹೊಳೆಬದಿ ಗದ್ದೆ, ಬಾಳೆಹಕ್ಲು, ಮಾವಿನಡಿ... ಏಳಕ್ಕೆ ನಿಂತಿತು. ನನ್ನ ನಾಲ್ಕರಲ್ಲಿ ಅವರ ಪಟ್ಟಿಯಲ್ಲಿ ಇಲ್ಲದಿದ್ದವು ಎರಡು. ಒಟ್ಟು ಒಂಬತ್ತಾಯಿತು.

ಇನ್ನೆರಡು ಗದ್ದೆ ಅಜ್ಜಿಯ ಜೊತೆಗೇ ಹೋದವು. ಆ ಒಂಬತ್ತನ್ನು ಚಿಕ್ಕಜ್ಜಿಯ ಎದುರೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಾತ್ರಿ ಅವರ ಮನೆಯ ಜಗುಲಿಯಲ್ಲೇ ಕೂತು ಟೈಪ್ ಮಾಡಿದೆ. ಸೇವ್ ಮಾಡಿದೆ, ಮೇಲ್ ಮಾಡಿಕೊಂಡೆ. ಚಿಕ್ಕಜ್ಜಿ ಪಕ್ಕದಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದರು. ‘ಇನ್ನೊಂದು ಕಥೆ ಇದ್ದು ಕೂಸೇ, ನಾಳೆ ಹೇಳ್ಲಾ?’ ಎಂದರು.

‘ಬೇಡ ಅಜ್ಜಿ, ಈಗಲೇ ಹೇಳಿ’ ಎಂದೆ.