ಹಳೆಯ ಗಣಕಯಂತ್ರಕ್ಕೆ ಹೊಸ ತಂತ್ರಾಂಶ

ಬಳಕೆಯಿಂದ ಮರೆಯಾದ ಗಣಕಯಂತ್ರಗಳಿಗೆ ಹೊಸದಾಗಿ ತಂತ್ರಾಂಶ ರಚಿಸುವುದು ಇಂದು ಅನೇಕ ದೇಶಗಳಲ್ಲಿ ಬೆಳೆದಿರುವ ಹವ್ಯಾಸ. ಇದರಲ್ಲಿ ಧನಲಾಭವು ವಿರಳ. ಹಾಗಿದ್ದೂ ಬುದ್ಧಿವಂತರು ಇದಕ್ಕಾಗಿ ಕಾಲವ್ಯಯ ಮಾಡುವುದೇಕೆಂಬ ಪ್ರಶ್ನೆ ಸಹಜವಾದುದೇ. ಟ್ರ್ಯಾಕ್ಟರುಗಳು ಬಂದ ಮೇಲೂ ಅಜ್ಜಂಪುರದ ಕೇಂದ್ರದಲ್ಲಿ ಅಮೃತಮಹಲ್ ರಾಸುಗಳ ತಳಿಯನ್ನು ಕಾಪಾಡಿಕೊಂಡು ಬರಲಾಗಿದೆ; ಆ ಶ್ರಮವು ವ್ಯರ್ಥವೆಂದು ಈ ಸೀಮೆಯ ರೈತರು ಹೇಳಲಾರರು. ಹಳೆಯದರ ಗುಣವು ಮುಂದಿನವರಿಗೆ ಬೇಕಾದೀತೆಂಬ ವಿವೇಕವೇ ಎರಡಕ್ಕೂ ಮೂಲ.

1981ರಲ್ಲಿ ಇಂಗ್ಲೆಂಡಿನಲ್ಲಿ ಬಿಬಿಸಿ ಮೈಕ್ರೋ, 1982ರಲ್ಲಿ ಸ್ಪೆಕ್ಟ್ರಮ್, ಅದೇ ವರ್ಷ ಅಮೆರಿಕದಲ್ಲಿ ಕಮೊಡೋರ್ 64 ಎಂಬ ಯಂತ್ರಗಳು ಹೊರಬಂದವು. ಭಾರತ ಸರ್ಕಾರವು 1984–85ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯ ಮೂಲಕ ಆಯ್ದ ಶಾಲೆಗಳನ್ನು ಪ್ರವೇಶಿಸಿದುದು ಬಿಬಿಸಿ ಮೈಕ್ರೋ ಯಂತ್ರವೇ. ಕಮೊಡೋರ್ ಯಂತ್ರದ ಸ್ಮರಣಶಕ್ತಿ 64 ಕಿಲೋಬೈಟ್, ಅಂದರೆ 65,536 ಬೈಟು ಮಾತ್ರ. ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಹೆಸರುಗಳನ್ನು ಇಂದಿನ ಯುಟಿಎಫ್-8 ಕ್ರಮದಲ್ಲಿ ಬರೆದಿಡಲು 60 ಬೈಟು ಬೇಕೆಂಬುದನ್ನು ನೆನೆದರೆ, ಆ ಮಿತಿಯ ಸ್ವರೂಪವು ಹೊಳೆಯುತ್ತದೆ.

ಮಿತಿಯು ಪ್ರತಿಭೆಗೆ ಶತ್ರುವಲ್ಲವೆಂಬುದನ್ನು ಕನ್ನಡ ಕವಿಗಳು ಬಲ್ಲರು. ಕಂದಪದ್ಯದ ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು, ಒಟ್ಟು 64. ಇಷ್ಟರೊಳಗೆ ಅರ್ಥವನ್ನು ಅಡಕಗೊಳಿಸುವ ಕವಿಯಂತೆ, ಈ ಹವ್ಯಾಸಿಯೂ ಒಂದೊಂದು ಬೈಟನ್ನು ಎಣಿಸಿ ವೆಚ್ಚ ಮಾಡುತ್ತಾನೆ. ಈ ಬಗೆಯ ಯಂತ್ರಗಳಲ್ಲಿ ಚಿತ್ರ, ಸಂಗೀತಗಳನ್ನು ಹೊಮ್ಮಿಸುವ ಡೆಮೊ ಕಲೆಯನ್ನು ಫಿನ್‌ಲೆಂಡ್ ದೇಶವು 2020ರಲ್ಲಿ ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು.

ಕನ್ನಡವನ್ನು ಅಂತಹ ಯಂತ್ರಕ್ಕೆ ಕಲಿಸುವುದು ಹೇಗೆ? ಸ್ಪೆಕ್ಟ್ರಮ್ ಯಂತ್ರವು ಪ್ರತಿ ಅಕ್ಷರಕ್ಕೂ 8 ಸಾಲು, ಸಾಲಿಗೆ 8 ಚುಕ್ಕೆಗಳ ಮನೆಯನ್ನು ಕೊಡುತ್ತದೆ. ರೋಮನ್ ಲಿಪಿಗೆ ಅದು ಸಾಕು. 'ಅಜ್ಜಂಪುರ'ದ ಜಕಾರದ ಒತ್ತಿಗೆ ಕೆಳಗೆ ಎಡೆ ಬೇಕು. 'ಕಡೂರು' ಎಂಬಲ್ಲಿನ ದೀರ್ಘಕ್ಕೆ ಬಲಕ್ಕೆ ಎಡೆ ಬೇಕು. ಆದುದರಿಂದ ರಚನಕಾರನು 16 ಸಾಲು, 16 ಚುಕ್ಕೆಗಳ ಮನೆಯನ್ನು ತಾನೇ ಕಟ್ಟಬೇಕಾಗುತ್ತದೆ. ಅಂತಹ ಒಂದು ಆಕೃತಿಗೆ 32 ಬೈಟು. ನೂರು ಆಕೃತಿಗಳಿಗೆ 3,200 ಬೈಟು. ಬಳಿಕ ಅವುಗಳನ್ನು ಜೋಡಿಸುವ ನಿಯಮವನ್ನು ಬರೆಯುತ್ತಾನೆ. ಇಂದಿನ ಯಂತ್ರದಲ್ಲಿ ಹಳೆಯದನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಿಂದ ಪರೀಕ್ಷಿಸಿ, ಕೊನೆಗೆ ಧ್ವನಿರೂಪದಲ್ಲಿ ಕ್ಯಾಸೆಟ್ಟಿಗಿಳಿಸಿ ಮೂಲಯಂತ್ರಕ್ಕೆ ಉಣಿಸುತ್ತಾನೆ.

ಅಕ್ಷರಗಳನ್ನು ಉಚ್ಚಾರಾನುಸಾರವಾಗಿ ಜೋಡಿಸುವ ಈ ವಿವೇಚನೆಯಲ್ಲಿ ಕಿನ್ನಿಕಂಬಳ ಪದ್ಮನಾಭರಾಯರು ಪ್ರಾತಃಸ್ಮರಣೀಯರು. ಅವರ ಕೀಲಿಮಣೆ ವಿನ್ಯಾಸವು ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ತಮ್ಮ ಕನ್ನಡ ತಂತ್ರಾಂಶಕ್ಕೆ ಛಂದೋವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಅದನ್ನು ಉಚಿತವಾಗಿ ಹಂಚಿದ ಅವರ ಔದಾರ್ಯವು ಹವ್ಯಾಸದ ಧರ್ಮಕ್ಕೆ ನಿದರ್ಶನ.

ಇದು ಕೇವಲ ವಿನೋದವಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ನಾಡಿನ ಸಂಘಸಂಸ್ಥೆಗಳ ಬರೆವಣಿಗೆಯೆಷ್ಟೋ ಹಳೆಯ ಫಾಂಟುಗಳಲ್ಲಿ ಅಚ್ಚಾಗಿ ಫ್ಲಾಪಿಗಳಲ್ಲಿ ಸೇರಿಕೊಂಡಿದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರರಾಶಿ ಕಾಣುತ್ತದೆ. ಓಲೆಗರಿಯನ್ನಾದರೆ ಲಿಪಿ ಬಲ್ಲವನು ಓದಿಯಾನು. ಫ್ಲಾಪಿಯನ್ನು ಓದಲು ಯಂತ್ರವೂ ಬೇಕು, ಅದರ ಮರ್ಮಜ್ಞನೂ ಬೇಕು. ಅಂತಹ ಮರ್ಮಜ್ಞರನ್ನು ಬೆಳೆಸುವುದು ಈ ಹವ್ಯಾಸವೇ.

ಆದುದರಿಂದ ಶಾಲೆಯ ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಒಪ್ಪಿಸುವ ಮುನ್ನ ಅವುಗಳಲ್ಲಿರುವುದನ್ನು ನಕಲು ಮಾಡಿಸುವುದು, ಒಂದನ್ನಾದರೂ ಕೆಲಸ ಮಾಡುವ ಸ್ಥಿತಿಯಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುವುದು ಉಪಾಧ್ಯಾಯರಿಗೂ ದಾನಿಗಳಿಗೂ ಸಲ್ಲುವ ಕಾರ್ಯ. ಅದಕ್ಕೆ ಹೊಸ ಕಟ್ಟಡ ಬೇಡ; ಒಂದು ಮೇಜು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.